ಮಿಸ್ಟರ್ ವಾರ್ಡೆಲ್ ಮುಚ್ಚಿದ ಗಾಳಿಕಿಂಡಿಗಳು

ವಾರ್ಡೆಲ್ ಬ್ಯಾಸ್ನೈಟ್ ಅವರ ಬಗ್ಗೆ ಬರೆಯಲು ನನಗಿರುವ ಅರ್ಹತೆ ಇಷ್ಟೇ: ಅವರ ಮನೆಯಡಿ ಹೊಟ್ಟೆಯ ಮೇಲೆ ತೆವಳಿದ್ದೇನೆ. ನನಗೆ ಸಂಬಳ ಬರುವುದೇ ಅದಕ್ಕೆ. ಕೆರೊಲೈನಾದ ನಮ್ಮ ತಗ್ಗು ಸೀಮೆಯಲ್ಲಿ ಮನೆಗಳು ಗಿಡ್ಡ ಇಟ್ಟಿಗೆ ಗೋಡೆಗಳ ಮೇಲೆ ಕೂತಿರುತ್ತವೆ. ಮರದ ನೆಲಕ್ಕೂ ಮಣ್ಣಿಗೂ ನಡುವಿನ ಸಂದಿಗೆ ನುಗ್ಗಿ, ಏನು ಕೊಳೆತಿದೆ, ಏನು ಕುಸಿದಿದೆ ಎಂದು ನೋಡಿ ಬರುವವನು ನಾನು. ಜೇಡ ಕಂಡರೆ ಕಿರುಚುತ್ತೇನೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಕಂಪನಿಯವರು ಅದೊಂದನ್ನು ಕೇಳಲಿಲ್ಲ.

ವಾರ್ಡೆಲ್ ಶಾಲೆಯ ಬಸ್ಸು ಓಡಿಸುತ್ತಲೇ ಮುದುಕರಾದವರು. ಅವರ ಮಟ್ಟಿಗೆ ನಾನು ಈಗಲೂ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡ ಹುಡುಗ. ನಿವೃತ್ತರಾದ ಮೇಲೂ ನಮ್ಮ ರಸ್ತೆಯನ್ನು ಅವರು ಬಸ್ಸಿನ ಹಾಗೇ ನೋಡಿಕೊಂಡರು. ಯಾರೂ ಹಿಂದೆ ಉಳಿಯಬಾರದು. ವಸಂತದಲ್ಲಿ ಬಿಸಿಲು ಬಲಿತ ಮೊದಲ ಶನಿವಾರ ಕೋಲು ಹಿಡಿದು ಹೊರಟು, ಒಂಟಿ ಹೆಂಗಸರ, ಮಂಡಿನೋವಿನವರ ಮನೆಗಳ ಅಡಿಗೋಡೆಯಲ್ಲಿರುವ ಗಾಳಿಕಿಂಡಿಗಳನ್ನೆಲ್ಲ ತೆರೆದು ಬರುತ್ತಿದ್ದರು. ಚಳಿ ಬೀಳುವ ಮುಂಚೆ ಮತ್ತೆ ಹೋಗಿ ಮುಚ್ಚುತ್ತಿದ್ದರು. ಅವರಪ್ಪನೂ ಹೀಗೇ ಮಾಡುತ್ತಿದ್ದರಂತೆ. “ಮನೆಗೂ ಉಸಿರಾಡಬೇಕು ಅನ್ಸತ್ತಪ್ಪ” ಅನ್ನುತ್ತಿದ್ದರು.

ಈ ವರ್ಷ ಅವರ ಹೆಂಡತಿ ಲರ್ಲೀನ್‌ಗೆ ಪಾರ್ಶ್ವವಾಯು ಹೊಡೆಯಿತು. ಆರೈಕೆ ಕೇಂದ್ರದಲ್ಲಿ ಚೇತರಿಸಿಕೊಂಡರು. ಇನ್ನು ಗಾಲಿಕುರ್ಚಿಯಲ್ಲಿ ಮನೆಗೆ ಬರಬಹುದು ಎಂದಾಯಿತು. ಅದಕ್ಕೆ ಮುಂಚೆ ಮನೆ ನೋಡಲು ಬಂದ ನರ್ಸ್ ಮನೆಯೊಳಗೆ ಕೋಣೆಗಳ ನಡುವಿನ ಓಣಿಯಲ್ಲಿ ನಿಂತಾಗ ನೆಲ ಹಾಸಿಗೆಯ ಹಾಗೆ ತಗ್ಗಿತು. “ಇದು ಗಟ್ಟಿಯಾಗೋವರೆಗೂ ಅವರನ್ನ ಕಳಿಸೋಕಾಗಲ್ಲ” ಅಂದುಬಿಟ್ಟರು. ವಾರ್ಡೆಲ್ ನಮ್ಮ ಕಂಪನಿಗೆ ಫೋನ್ ಮಾಡಿದ್ದು ಆಗ.

ಜುಲೈ ತಿಂಗಳು. ಹೊರಗೆ ಒದ್ದೆ ಬಟ್ಟೆಯಂಥ ಗಾಳಿ. ಒಳಗೆ ತೆವಳಿ ಟಾರ್ಚ್ ಹಾಕಿದೆ. ನೆಲದ ಅಡಿಮೈ ತುಂಬ ಹನಿಗಳು. ಓಣಿಯ ಕೆಳಗಿನ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಕೊಳಾಯಿ ಎಲ್ಲೂ ಸೋರುತ್ತಿರಲಿಲ್ಲ. ನಾಲ್ಕು ಗೋಡೆಯ ಕಿಂಡಿಗಳೂ ಹಾರುಹೊಡೆದಿದ್ದವು.

ಹೊರಬಂದಾಗ ವಾರ್ಡೆಲ್ ಐಸ್ ಹಾಕಿದ ಸಿಹಿ ಚಹಾ ಹಿಡಿದು ನಿಂತಿದ್ದರು. “ಕ್ವಿಂಟನ್, ಒಳಗೆ ಏನೋ ಕಿರುಚ್ತಲ್ಲ? ನರಿಯೇನೋ?”

“ನಾನೇ, ಮಿಸ್ಟರ್ ವಾರ್ಡೆಲ್.”

“ಹಾಗಂದ್ಕೊಂಡೆ. ಹೇಳು, ಎಲ್ಲಿ ಸೋರ್ತಿದೆ?”

ಕಹಿ ಮಾತು ಹೇಳಬೇಕಾದಾಗ ನಾನು ಜೇಬಿನಲ್ಲಿ ಪೆನ್ನು ಹುಡುಕುವವನು. ಅವತ್ತು ಕೈ ತುಂಬ ಕೆಸರಿತ್ತು, ಆ ನೆಪವೂ ಇಲ್ಲ. ಚಹಾದ ಲೋಟ ತೋರಿಸಿದೆ. ಅದರ ಮೈಯಿಂದ ನೀರು ಇಳಿಯುತ್ತಿತ್ತು.

“ಈ ಲೋಟ ಸೋರ್ತಿಲ್ಲ ಅಲ್ವಾ? ಹೊರಗಿನ ಬಿಸಿ ಗಾಳಿ ತಣ್ಣಗಿರೋದನ್ನ ಮುಟ್ಟಿ ನೀರಾಗ್ತಿದೆ. ಏಸಿಯಿಂದ ನಿಮ್ಮ ನೆಲ ತಣ್ಣಗಿದೆ. ಕಿಂಡಿಯಿಂದ ಬೇಸಿಗೆ ಗಾಳಿ ಒಳಗೆ ಬರ್ತಿದೆ.”

ಅವರು ಲೋಟ ನೋಡುತ್ತಲೇ ನಿಂತರು. “ನಮ್ಮಪ್ಪ...”

“ಅವರ ಕಾಲಕ್ಕೆ ಏಸಿ ಇರ್ಲಿಲ್ಲ. ಆಗ ತೆರೆಯೋದೇ ಸರಿ.”

“ಏಸಿ ಹಾಕ್ಸಿದ್ದು ಲರ್ಲೀನ್‌ಗೋಸ್ಕರ. ಸೆಕೆ ತಡೀತಿರ್ಲಿಲ್ಲ ಅವಳಿಗೆ.” ಲೋಟದ ಮೈಯ ನೀರನ್ನು ಬೆರಳಿನಿಂದ ಒರೆಸುತ್ತ ಅಂದರು, “ಓಣೀಲಿ ಮುಗ್ಗಲು ವಾಸನೆ ಅಂತ ಅವಳು ಹೇಳ್ತಾನೇ ಇದ್ಲು. ಅವಳು ಹೇಳಿದಾಗೆಲ್ಲ ಹೋಗಿ ಇನ್ನೊಂದು ಕಿಂಡಿ ತೆರೀತಿದ್ದೆ.”

ನಿಮ್ಮ ತಪ್ಪಲ್ಲ ಅನ್ನಬಹುದಿತ್ತು. ಅವರು ಆಗಲೇ ರಸ್ತೆಯ ಕಡೆ ತಿರುಗಿದ್ದರು, ಒಂದೊಂದೇ ಮನೆ ನೋಡುತ್ತ.

ಕೆಲಸ ಶುರುವಾಯಿತು. ಜಾಕ್ ಕೊಟ್ಟು ನೆಲವನ್ನು ದಿನಕ್ಕೆ ಇಷ್ಟಿಷ್ಟೇ ಎತ್ತಿದೆವು. ಆತುರ ಮಾಡಿದರೆ ಗೋಡೆ ಬಿರಿಯುತ್ತದೆ. ಕೊಳೆತ ತೊಲೆಗಳ ಪಕ್ಕ ಹೊಸ ತೊಲೆಗಳನ್ನು ಜೋಡಿಸಿ ಬಿಗಿದೆವು. ಕುಸಿದ ಇಟ್ಟಿಗೆ ಕಂಬಗಳಿಗೆ ಹೊಸ ಪಾಯ ಹಾಕಿದೆವು. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದೆ ದೂರ ಹೋಗುವ ಹಾಗೆ ಮಾಡಿದೆವು. ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಅಂಚು ಅಂಟಿಸಿ, ಕಿಂಡಿ ಮುಚ್ಚಿ, ತೇವ ಹೀರುವ ಯಂತ್ರ ಇಟ್ಟೆವು. ಬರೀ ಕಿಂಡಿ ಮುಚ್ಚಿ ಮಣ್ಣನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ, ಅದರ ತೇವವೂ ಮೇಲೇರುತ್ತದೆ.

ಇದನ್ನು ವಾರ್ಡೆಲ್ ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡರು. ಏಕೆಂದು ಶನಿವಾರ ತಿಳಿಯಿತು. ಕೋಲು ಹಿಡಿದು, ಕೈಗಾಡಿಯ ತುಂಬ ಪ್ಲಾಸ್ಟಿಕ್ ಸುರುಳಿ ಹೇರಿಕೊಂಡು ಹೊರಟರು. ರಜೆಯ ದಿನ, ಬೇಡವೆನ್ನಲು ಬಾಯಿ ಬರದೆ ನಾನೂ ಹಿಂದೆ ಹೋದೆ. ನೆರೆಮನೆಯ ಮಿಸ್ ಯೂಲಾ ಜಗಲಿಯಿಂದಲೇ ಕೂಗಿದರು:

“ವಾರ್ಡೆಲ್, ಜುಲೈನಲ್ಲಿ ಕಿಂಡಿ ಮುಚ್ತೀಯಾ? ಬಿಸ್ಲು ತಲೆಗೇರ್ತಾ?”

ಅವರು ಟೋಪಿ ತೆಗೆದರು. “ಯೂಲಾ, ಇಷ್ಟು ವರ್ಷ ನಿನ್ನ ಮನೆ ಕಿಂಡಿ ತೆರೆದದ್ದು ತಪ್ಪಾಯ್ತು. ನಿನ್ನ ನೆಲ ಹಾಳಾಗಿದ್ರೆ ಅದು ನನ್ನಿಂದ. ಈ ಹುಡುಗ ಒಳಗೆ ಹೋಗಿ ನೋಡ್ತಾನೆ.”

ಯೂಲಾ ಜಗಲಿಯ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ನೋಡಿ, “ಅಲ್ಲಿ ಹಾವಿದೆ, ಹುಷಾರು” ಅಂದರು.

ಸಂಜೆಯವರೆಗೂ ಪ್ರತಿ ಬಾಗಿಲಲ್ಲೂ ಅವರು ಟೋಪಿ ತೆಗೆದು ಅದೇ ಮಾತು ಹೇಳಿದರು. ಒಬ್ಬರು ಬಾಗಿಲು ಹಾಕಿಕೊಂಡರು. ಅಲ್ಲೂ ಹೊರಗಿನಿಂದ ಕಿಂಡಿ ಮುಚ್ಚಿ, ಪ್ಲಾಸ್ಟಿಕ್ ಸುರುಳಿಯನ್ನು ಮೆಟ್ಟಿಲ ಮೇಲಿಟ್ಟು ಬಂದರು.

ನರ್ಸ್ ಓಣಿಯಲ್ಲಿ ಹಿಮ್ಮಡಿಯೂರಿ ಕುಣಿದು ನೋಡಿ ಒಪ್ಪಿದರು. ಲರ್ಲೀನ್ ಬಂದ ದಿನ ಕುರ್ಚಿಯನ್ನು ಹೊಸ್ತಿಲಲ್ಲೇ ನಿಲ್ಲಿಸಿ ವಾರ್ಡೆಲ್ ಮೊದಲು ಮುಂದೆ ಬಂದು ನಿಂತರು. “ಲರ್ಲೀನ್, ನೆಲ ಕೊಳೆಸಿದ್ದು ನಾನೇ.”

ಆಕೆಯ ಬಾಯಿ ಒಂದು ಕಡೆ ಇನ್ನೂ ಎಳೆಯುತ್ತಿತ್ತು. ಮಾತು ತಡವರಿಸಿ ಬಂತು: “ವಾಸ್ನೆ... ಹೇಳಿದ್ನಲ್ಲ.”

“ಹೇಳಿದ್ದೆ ಕಣೆ.”

“ಹ್ಞೂಂ. ತಳ್ಳು ಈಗ.”

ಓಣಿಯ ನಡುವೆ, ಹಿಂದೆ ತಗ್ಗಿದ್ದ ಕಡೆ, ಆಕೆ ಕೈಯೆತ್ತಿ ನಿಲ್ಲಿಸಿದರು. ಮೂಗೆತ್ತಿ ಗಾಳಿ ಎಳೆದುಕೊಂಡರು. ವಾರ್ಡೆಲ್ ಕುರ್ಚಿಯ ಹಿಡಿ ಬಿಡದೆ, ಉಸಿರು ಬಿಡದೆ ಕಾದರು. ಈ ಸಲ ಆಕೆ ಮುಖ ಸಿಂಡರಿಸಲಿಲ್ಲ. ಮುಂದೆ ನಡಿ ಎಂದು ಬೆರಳು ತೋರಿಸಿದರು.