ಅತ್ತೆಯ ಹೆಸರಲ್ಲಿ ಹೋದ ಮೆಸೇಜು

ಹುಲಿಕಲ್ಲಿಗೆ ಟವರು ಬರುವ ಮೊದಲು ನಮಗೆ ರೇಂಜ್ ಸಿಗುತ್ತಿದ್ದದ್ದು ರಸ್ತೆಯ ಒಂದೇ ಒಂದು ತಿರುವಿನಲ್ಲಿ. ಊರವರೆಲ್ಲ ಅಲ್ಲೇ ನಿಂತು ಕಿರುಚಬೇಕು. ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರ ಆಧಾರ್ ನಂಬರು ಎಷ್ಟು, ಎಲ್ಲವೂ ಎಲ್ಲರಿಗೂ ಗೊತ್ತು. ನನಗದು ಕಂಡರಾಗುತ್ತಿರಲಿಲ್ಲ. ಥೂ, ಮನುಷ್ಯರಿಗೆ ಒಂದು ಗುಟ್ಟಾದರೂ ಬೇಡವೇ!

ಒಮ್ಮೆ ನನ್ನ ಅತ್ತೆ ಅಲ್ಲಿ ನಿಂತು, ಬ್ಯಾಂಕಿನವನೆಂದು ಫೋನ್ ಮಾಡಿದ ಯಾರಿಗೋ ಓಟಿಪಿಯನ್ನು ಒಂದೊಂದೇ ಅಂಕಿ ಕೂಗಿ ಹೇಳತೊಡಗಿದರು. ಬಸ್ಸಿಗೆ ಕಾಯುತ್ತಿದ್ದ ಪಕ್ಕದ ಮನೆಯಾಕೆ ಓಡಿ ಬಂದು ಫೋನ್ ಕಿತ್ತುಕೊಂಡಳು.

"ಎಂತ ಮಾಡ್ತಿದೀರಿ ಮಾರಾಯ್ರೆ! ಅದನ್ನ ಯಾರಿಗೂ ಹೇಳ್ಬಾರ್ದು!"

ದುಡ್ಡು ಉಳಿಯಿತು. ಆದರೆ ಅತ್ತೆಗೆ ಅವಮಾನವಾಯಿತು, ಆಕೆಯೊಡನೆ ಬಹಳ ದಿನ ಮಾತು ಬಿಟ್ಟರು. ಸಿಟ್ಟು ಬಂದರೆ ಸುಲಭಕ್ಕೆ ಬಿಡುವ ಪೈಕಿಯಲ್ಲ ಅವರು. ತೀರ್ಥಹಳ್ಳಿಯಲ್ಲಿರುವ ಸ್ವಂತ ತಂಗಿ, ಮಗಳ ಮದುವೆಗೆ ಮನೆಗೆ ಬಂದು ಕರೆಯದೆ ಮದುವೆ ಕಾಗದವನ್ನು ಬಸ್ ಕಂಡಕ್ಟರ್ ಕೈಲಿ ಕಳಿಸಿದ್ದರು. ಅಂದಿನಿಂದ ಅತ್ತೆ ಆ ಮನೆಯ ಹೆಸರೇ ಎತ್ತಿರಲಿಲ್ಲ.

ಆಮೇಲೆ ಟವರು ಬಂತು. ಅಡುಗೆಮನೆಯಲ್ಲೂ ರೇಂಜು. ನನಗೆ ಹಬ್ಬ. ಹೋದ ವರ್ಷ ಅತ್ತೆ ಅಲ್ಲೇ ಕೂತು, ಫೋನಿನಲ್ಲಿ ಗ್ಯಾಸ್ ಸಬ್ಸಿಡಿಯ ಮಾತಾಡಿದವನಿಗೆ ಓಟಿಪಿ ಒಪ್ಪಿಸಿಬಿಟ್ಟರು, ಮೆತ್ತಗೆ. ಕೇಳಿಸಿಕೊಳ್ಳಲು ಹತ್ತಿರ ಯಾರೂ ಇರಲಿಲ್ಲ.

ಅವರ ಮೆಸೇಜು ಖಾತೆ ಅವನ ಕೈಗೆ ಹೋಯಿತು. ಅದೇ ಫೋಟೋ, ಅದೇ ಹೆಸರು. ಪರಿಚಯದವರಿಗೆಲ್ಲ "ತುರ್ತಾಗಿ ದುಡ್ಡು ಬೇಕಿತ್ತು" ಎಂದು ಮೆಸೇಜು ಹೋಯಿತು. ಯಾರ ಹತ್ತಿರವೂ ಒಂದು ಹಿಡಿ ಸೊಪ್ಪನ್ನೂ ಕೇಳಿದವರಲ್ಲ ಅತ್ತೆ! ನಾಚಿಕೆಯಿಂದ ಎರಡು ದಿನ ಹೊರಗೆ ಮುಖ ತೋರಿಸಲಿಲ್ಲ.

ಹೆಚ್ಚಿನವರು ಫೋನ್ ಮಾಡಿ ವಿಚಾರಿಸಿದರು. ಏನೂ ಕೇಳದೆ ದುಡ್ಡು ಹಾಕಿದ್ದು ಒಬ್ಬರೇ, ಆ ತಂಗಿ. ಅವರ ನಂಬರನ್ನು ಅತ್ತೆ ಇನ್ನೂ ಅಳಿಸಿರಲಿಲ್ಲ ಎಂದು ನನಗೆ ಗೊತ್ತಾದದ್ದೇ ಆಗ.

ಪೊಲೀಸರಿಗೆ ದೂರು ಕೊಟ್ಟು ಬಂದ ಮೇಲೆ, ತಂಗಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು. ಅತ್ತೆಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. "ಚಿಕ್ಕಮ್ಮ, ದುಡ್ಡು ಕೇಳಿದ್ದು ಅತ್ತೆ ಅಲ್ಲ. ಯಾರೋ ಕಳ್ಳ."



"ದುಡ್ಡು ಹೋದ್ರೆ ಹೋಗ್ಲಿ ಬಿಡು" ಎಂದರು ಚಿಕ್ಕಮ್ಮ. "ಅಂತೂ ಅಕ್ಕ ನನ್ನ ಹತ್ರ ಕೇಳಿದ್ಲಲ್ಲ ಅಂತ ಖುಷೀಲಿದ್ದೆ ಮಾರಾಯ್ತಿ. ಹಂಗಾರೆ ಅವಳಿಗೆ ಇನ್ನೂ ಸಿಟ್ಟು ಇಳಿದಿಲ್ವಾ?"

ನಾನು ಫೋನನ್ನು ಅತ್ತೆಯ ಕಡೆ ಹಿಡಿದೆ. ಅವರು ಎದ್ದು ಒಲೆಯ ಕಡೆ ಹೋದರು.