ಜಲಜಾ ಮೇಡಂ ಬಿಟ್ಟುಕೊಟ್ಟ ನಾಲ್ಕು ಗಂಟೆ

ಬಸವೇಶ್ವರನಗರದ ಆ ಪದವಿ ಕಾಲೇಜಿನಲ್ಲಿ ಜಲಜಾ ಇಪ್ಪತ್ತನಾಲ್ಕು ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದರು. "ಮ್ಯಾಮ್, ಇದನ್ನೆಲ್ಲ ಎಲ್ಲಿ ಯೂಸ್ ಮಾಡ್ತಾರೆ?" ಎಂದು ಪ್ರತಿವರ್ಷ ಯಾರಾದರೊಬ್ಬ ಕೇಳುತ್ತಿದ್ದ. "ಪರೀಕ್ಷೇಲಿ ಕಣೋ" ಎನ್ನುತ್ತಿದ್ದರು. ತರಗತಿ ನಗುತ್ತಿತ್ತು. ಆ ಉತ್ತರ ಮಾತ್ರ ಅವರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಗೋವಿಂದರಾಜನಗರದ ಮನೆ ತನಕ ಚುಚ್ಚುತ್ತಿತ್ತು.

ಈ ವರ್ಷ ಗಣಿತಕ್ಕೆ ಸೇರಿದವರು ಏಳೇ ಮಂದಿ. ಆ ಕೋರ್ಸ್ ಮುಚ್ಚಿ, ಅದರ ಜಾಗದಲ್ಲಿ ಕಂಪ್ಯುಟೇಷನಲ್ ಸೈನ್ಸ್ ಎಂಬ ಹೊಸ ಬಿ.ಎಸ್ಸಿ. ತೆರೆಯಲು ಕಾಲೇಜು ನಡೆಸುವ ಟ್ರಸ್ಟ್ ಒಪ್ಪಿತು. ಯೋಜನೆ ಬರೆಯುವ ಕೆಲಸ ಜಲಜಾ ಅವರ ಪಾಲಿಗೆ ಬಂತು. ಅವರು ಮೊದಲು ಬರೆದದ್ದೇ ವಾರಕ್ಕೆ ನಾಲ್ಕು ಗಂಟೆಯ ಪ್ರಾಜೆಕ್ಟ್. ಮಳೆ ಬಂದಾಗ ಕೆಳಸೇತುವೆಯಲ್ಲಿ ನೀರು ಎಷ್ಟು ಬೇಗ ಏರುತ್ತದೆ ಎಂಬಂಥ ಊರಿನದೇ ಸಮಸ್ಯೆಯೊಂದನ್ನು ಮಕ್ಕಳು ಹಿಡಿದು, ಅಳೆದು, ಸಮೀಕರಣ ಬರೆದು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕು.

ಆದರೆ ಕಾಲೇಜಿನಲ್ಲಿ ಸಿಲಬಸ್ ಹುಟ್ಟುವ ಕ್ರಮವೇ ಬೇರೆ. ಯಾರಿಗೆ ಎಷ್ಟು ಗಂಟೆ ಪಾಠ ಎಂಬುದು ಮೊದಲು, ಮಕ್ಕಳು ಏನು ಕಲಿಯಬೇಕು ಎಂಬುದು ಆಮೇಲೆ, ಟೈಮಿದ್ದರೆ. ಒಬ್ಬೊಬ್ಬರಿಗೂ ವಾರಕ್ಕೆ ಹದಿನಾರು ಗಂಟೆ ವರ್ಕ್‌ಲೋಡ್ ಇರಲೇಬೇಕು. ಲೋಡ್ ಇಳಿದರೆ ಲಾರಿ ಹಗುರವಾಗುತ್ತದೆ, ಮೇಷ್ಟ್ರಿಗೆ ಎದೆ ಭಾರವಾಗುತ್ತದೆ. ಎಲ್ಲ ವಿಭಾಗದವರೂ ತಮ್ಮ ತಮ್ಮ ಗಂಟೆ ತುರುಕಿದ ಮೇಲೆ ಕೂಡಿ ನೋಡಿದರೆ ನಲವತ್ತು. ವಾರದಲ್ಲಿದ್ದದ್ದು ಮೂವತ್ತಾರು.

"ಪ್ರಾಜೆಕ್ಟ್ ತೆಗೀರಿ ಮೇಡಂ," ಎಂದರು ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿದ್ದ ಸಭೆಯಲ್ಲಿ ಭೌತಶಾಸ್ತ್ರದ ಏಕಾಂತಯ್ಯ. "ಪ್ರಾಜೆಕ್ಟ್ ಅಂದ್ರೆ ಹುಡುಗ್ರು ಕ್ಯಾಂಟೀನಲ್ಲಿ ಕೂರೋದು ತಾನೆ?"

"ನೀವೊಂದೆರಡು ಗಂಟೆ ಬಿಡಿ ಸಾರ್."

"ಅಯ್ಯೋ, ನಂದು ಹದಿನಾರಕ್ಕೆ ಹೆಂಗೋ ನಿಂತಿದೆ. ರಿಟೈರಾಗೋಕೆ ಇನ್ನೆರಡೇ ವರ್ಷ, ಅಲುಗಾಡಿಸ್ಬೇಡಿ."

ಉಳಿದವರು ಬಿಸ್ಕತ್ತಿನ ತಟ್ಟೆ ನೋಡಿದರು. ಜಲಜಾ ತಮ್ಮದೇ ಪಾಲಿನ, ತಮಗೆ ಅತಿ ಪ್ರಿಯವಾದ ಸಂಖ್ಯಾಸಿದ್ಧಾಂತದ ನಾಲ್ಕು ಗಂಟೆಯ ಮೇಲೆ ಗೆರೆ ಎಳೆದರು.

ಪ್ರಿನ್ಸಿಪಾಲ್ ಗೂಳಪ್ಪ ಕನ್ನಡಕ ತೆಗೆದರು. "ಮೇಡಂ, ಪ್ರಾಜೆಕ್ಟ್ ವರ್ಕ್‌ಲೋಡಿಗೆ ಸೇರಲ್ಲ. ಬೋರ್ಡ್ ಮುಂದೆ ನಿಂತ್ರೆ ಮಾತ್ರ ಪಾಠ. ಕಮ್ಮಿ ಬಿದ್ದ ನಾಲ್ಕು ಗಂಟೆಗೆ ನೀವು ವಾರಕ್ಕೆ ಎರಡು ದಿನ ನಮ್ಮ ಟ್ರಸ್ಟಿನದೇ ಕೆಂಗೇರಿ ಕಾಲೇಜಿಗೆ ಹೋಗಿ ಪಾಠ ಮಾಡ್ಬೇಕಾಗತ್ತೆ. ಬೆಳಿಗ್ಗೆ ಏಳೂವರೆಗೆ ಕ್ಲಾಸು. ಯೋಚ್ನೆ ಮಾಡಿ."

"ಮಾಡಿದೀನಿ ಸಾರ್."

"ವಿಜಯನಗರದಲ್ಲಿ ಮೆಟ್ರೋ ಹತ್ತಿದ್ರೆ ಸೀದಾ ಕೆಂಗೇರಿ ಮೇಡಂ, ಆರಾಮು," ಎಂದರು ಏಕಾಂತಯ್ಯ, ಬಹಳ ಉದಾರವಾಗಿ.

ಜಲಜಾ ಟೈಮ್‌ಟೇಬಲ್ ಹತ್ತಿರ ಎಳೆದುಕೊಂಡು, ಬುಧವಾರದ ಮಧ್ಯಾಹ್ನದ ಖಾಲಿ ಚೌಕಗಳಲ್ಲಿ 'ಪ್ರಾಜೆಕ್ಟ್' ಎಂದು ಪೆನ್ನಿನಲ್ಲಿ ಬರೆದರು. ಪೆನ್ಸಿಲ್ಲಿನಲ್ಲಿ ಬರೆದರೆ ಅಳಿಸಲು ಆ ಕೋಣೆಯಲ್ಲೇ ಆರು ಜನ ಇದ್ದರು.