ಸಾಲು ಕೊಡದೆ ಹಾಡದ ಮಕ್ಕಳು

ಆಗ ನನಗೆ ಐವತ್ತೆರಡು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಪಾಂಡವಪುರದ ಕಡೆ ನಾಲೆ ಬದಿಯ ನಮ್ಮೂರಿನ ಶಾಲೆಯಲ್ಲಿ ಕಸ ಗುಡಿಸಿ, ನೀರು ತುಂಬಿ, ಗಂಟೆ ಹೊಡೆಯುವುದು ನನ್ನ ಕೆಲಸ. ಓದು ಬರುತ್ತಿರಲಿಲ್ಲ. ಈಗಲೂ ಒತ್ತಕ್ಷರ ಎದುರಾದರೆ ಕೈ ನಿಲ್ಲುತ್ತದೆ.

ಆ ವರ್ಷ ವಿಶ್ವವಿದ್ಯಾಲಯದ ರೇಡಿಯೋ ನಿಲಯದವರು ಶಾಲೆಗೆ ಒಂದು ರೇಡಿಯೋ ಕೊಟ್ಟರು. ಕೊಟ್ಟರು ಅಂದರೆ ಎರವಲು. ವಾರಕ್ಕೆ ಮೂರು ಮಧ್ಯಾಹ್ನ ಅದರಲ್ಲಿ ಮಕ್ಕಳ ಪಾಠ ಬರುತ್ತಿತ್ತು. ಮೊದಲು ಮಳೆ, ಗಿಡ, ಅಕ್ಷರ ಏನಾದರೊಂದು, ಕೊನೆಗೆ ಹಾಡು. ಹಾಡು ಕಲಿಸುವ ಹೆಂಗಸನ್ನು ಮಕ್ಕಳು ರೇಡಿಯೋ ಅಕ್ಕ ಅನ್ನುತ್ತಿದ್ದರು. ಅಕ್ಕ ಒಂದು ಸಾಲು ಹಾಡಿ ಸುಮ್ಮನಾಗುವಳು. ಆ ಸುಮ್ಮನಿರುವ ಹೊತ್ತಿನಲ್ಲಿ ನಮ್ಮ ಮಕ್ಕಳು ಅದೇ ಸಾಲನ್ನು ಹೆಂಚು ಹಾರುವಂತೆ ಹಾಡುವರು.

ನಾನು ಬಾಗಿಲಲ್ಲಿ ಪೊರಕೆ ಇಟ್ಟುಕೊಂಡು ಕೂರುತ್ತಿದ್ದೆ. ಒಂದು ಸೊನ್ನೆ ಬರೆಯಿರಿ, ಅದರ ತಲೆಗೊಂದು ಕಟ್ಟು ಎಳೆಯಿರಿ ಎಂದು ರೇಡಿಯೋ ಹೇಳಿದ ಹಾಗೆ ಮುರಿದ ಬಳಪದಲ್ಲಿ ನೆಲದ ಮೇಲೆ ಗೀಚುತ್ತಿದ್ದೆ. ಅರ್ಧ ವರ್ಷದಲ್ಲಿ ಹೆಬ್ಬೆಟ್ಟು ಬಿಟ್ಟು ಹೆಸರು ಬರೆದೆ. ಅದಕ್ಕೇ ಆ ಪೆಟ್ಟಿಗೆ ಬೇರೆ ಕಡೆ ಹೋಗುವುದು ನನಗೆ ಬೇಕಿರಲಿಲ್ಲ.

ಆದರೆ ವರ್ಷದ ಕೊನೆಗೆ ಕಾಗದ ಬಂತು. ಮಕ್ಕಳು ನಿಲಯಕ್ಕೇ ಬಂದು, ಕಲಿತ ಹಾಡೊಂದನ್ನು ತಾವೇ ಹಾಡಬೇಕು. ಸರಿಯಾಗಿ ಹಾಡಿದರೆ ರೇಡಿಯೋ ನಮ್ಮಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಕೆ.ಆರ್. ಪೇಟೆ ಕಡೆಯ ಇನ್ನೊಂದು ಶಾಲೆಗೆ ಹೋಗುತ್ತದೆ.

ನಾಗಮಂಗಲದ ಕಡೆಯಿಂದ ಬಂದಿದ್ದ ಮೇಷ್ಟ್ರು ಎಂಟು ಮಕ್ಕಳನ್ನು ಆರಿಸಿದರು. ಹೆಣ್ಣುಮಕ್ಕಳಿದ್ದಾರೆಂದು ನನ್ನನ್ನೂ ಹೊರಡಿಸಿದರು. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಮೇಷ್ಟ್ರು ಸಾಲು ಹೇಳುವುದು, ಮಕ್ಕಳು ಅರಚುವುದು. ಈ ಬಸ್ಸಿಗೆ ಇವತ್ತು ಹಾರನ್ನೇ ಬೇಕಾಗಿಲ್ಲ ಎಂದು ಕಂಡಕ್ಟರು ನಕ್ಕ. ನಮ್ಮ ತಪ್ಪು ಅಲ್ಲೇ ಕಣ್ಣೆದುರಿಗಿತ್ತು. ಯಾರಿಗೂ ಹೊಳೆಯಲಿಲ್ಲ, ನನಗೂ.

ನಿಲಯದಲ್ಲಿ ಗೋಡೆಗೆಲ್ಲ ತೂತು ತೂತಿನ ಹಲಗೆ. ಗಾಜಿನ ಆಚೆ ರೇಡಿಯೋ ಅಕ್ಕ ಕೂತಿದ್ದಳು, ದನಿಗಿಂತ ಆಳು ಸಣ್ಣ. ಅವಳ ಪಕ್ಕ ದಪ್ಪ ಕನ್ನಡಕದ ಅಧಿಕಾರಿ. ಮೇಷ್ಟ್ರನ್ನೂ ಆಚೆಗೇ ಕೂರಿಸಿದರು. ಎಲ್ಲರಿಗಿಂತ ಚಿಕ್ಕ ಹುಡುಗಿ ನನ್ನ ಸೆರಗು ಬಿಡಲಿಲ್ಲವಾಗಿ ನಾನು ಒಳಗೆ ಉಳಿದೆ.

ಕೆಂಪು ದೀಪ ಹತ್ತಿತು. ಹಾರ್ಮೋನಿಯಂ ಶುರುವಾಯಿತು. ಮಕ್ಕಳು ತುಟಿ ಬಿಚ್ಚಲಿಲ್ಲ. ಮತ್ತೆ ನುಡಿಸಿದರು, ಮತ್ತೆ ಅಷ್ಟೇ. ಎಂಟೂ ಮುಖ ಗಾಜಿನ ಕಡೆಗೇ ನೋಡುತ್ತಿದ್ದವು. ಅಕ್ಕ ಒಳಗೆ ಬಂದು, ಹಾಡು ಮರೆತುಹೋಯಿತೇನು ಎಂದು ಕೇಳಿದಳು.

ಜೋರುಬಾಯಿಯ ಹುಡುಗಿಯೊಬ್ಬಳು ಅಂದಳು: "ಮರ್ತಿಲ್ಲ ಕಣಕ್ಕ. ನೀನು ಯೋಳ್ಕೊಡ್ಲೇ ಇಲ್ವಲ್ಲ. ಯೋಳ್ಕೊಟ್ರೆ ತಾನೆ ನಾವು ಅನ್ನಾದು?"

ಅಕ್ಕ ಗಾಜಿನಾಚೆಯ ಅಧಿಕಾರಿಯ ಕಡೆ ನೋಡಿದಳು. ಹೇಳಿಕೊಡುವಂತಿಲ್ಲ, ನೀವೇ ಹಾಡಬೇಕು, ಇನ್ನೊಂದೇ ಸಲ ಎಂದು ಹೋದಳು. ಗಾಜಿನಾಚೆ ಮೇಷ್ಟ್ರು ತಲೆ ಮೇಲೆ ಕೈ ಹೊತ್ತಿದ್ದರು.

ನನಗೆ ಹೆದರಿಕೆಯೇನೂ ಆಗಲಿಲ್ಲ. ನಾಟಿ ಗದ್ದೆಯಲ್ಲಿ ಮೂವತ್ತು ವರ್ಷ ಪದ ಎತ್ತಿಕೊಟ್ಟವಳು ನಾನು. ಒಬ್ಬರು ಎತ್ತಿಕೊಡದೆ ಗದ್ದೆಯಲ್ಲೂ ಯಾರೂ ಬಾಯಿ ಬಿಡುವುದಿಲ್ಲ. ದೀಪ ಕೆಂಪಾದದ್ದೇ ತಡ, "ಕಾಲುವೆ ನೀರೇ, ಎಲ್ಲಿಂದ ಬಂದೆ" ಎಂದು ಎತ್ತಿದೆ. ನನ್ನದು ಒಡಕು ಗಂಟಲು. ಎಂಟು ಮಕ್ಕಳೂ ಅದನ್ನು ಹಿಡಿದವು. ಸಾಲು ಸಾಲಾಗಿ ಕೊಟ್ಟೆ, ಸಾಲು ಸಾಲಾಗಿ ತೆಗೆದುಕೊಂಡವು. ಕೊನೆಯವರೆಗೂ ಯಾರೂ ತಡೆಯಲಿಲ್ಲ.

ಮುಗಿದ ಮೇಲೆ ಅಧಿಕಾರಿ ಬಂದರು. ಹಾಡಬೇಕಾದವರು ಮಕ್ಕಳು, ಈಯಮ್ಮ ಯಾರು ಎಂದರು.

"ಸ್ಕೂಲು ಗುಡ್ಸೋಳು," ಅಂದೆ. "ಗಂಟೆ ವೊಡ್ಯೋಳೂ ನಾನೇ. ನಾನೂ ಸ್ಕೂಲಿನೋಳೇ ಅಲ್ವಾ?"

ಅವರು ಅಕ್ಕನ ಕಡೆ ತಿರುಗಿದರು. ವರ್ಷವಿಡೀ ಸಾಲು ಕೊಟ್ಟು ಕೊಟ್ಟೇ ಕಲಿಸಿದ್ದೇನೆ, ಒಂದು ದಿನವೂ ಪೂರ್ತಿ ಹಾಡಿಸಲಿಲ್ಲ, ತಪ್ಪು ನನ್ನದು ಎಂದು ಅಕ್ಕ ನೇರವಾಗಿ ಒಪ್ಪಿಕೊಂಡಳು. ಅದು ನನಗೆ ಹಿಡಿಸಿತು. ಅಧಿಕಾರಿ, ರೇಡಿಯೋ ಇನ್ನೊಂದು ವರ್ಷ ಇರಲಿ, ಮುಂದಿನ ಸಲ ಮಾತ್ರ ಈಯಮ್ಮನ ದನಿ ಕೇಳಬಾರದು ಎಂದರು.

"ಕೇಳಾಕಿಲ್ಲ ಬುಡಿ," ಅಂದೆ.

ಮಾರನೇ ಬೆಳಿಗ್ಗೆ ಗಂಟೆ ಹೊಡೆಯುವುದಕ್ಕೆ ಮುಂಚೆ ಆ ಎಂಟು ಮಕ್ಕಳನ್ನು ನಾಲೆ ಏರಿಯ ಮೇಲೆ ಸಾಲಾಗಿ ನಿಲ್ಲಿಸಿ, ಹಾಡಿ ಎಂದು ಹೇಳಿ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಎದುರಿಗೆ ಕೂತೆ.